ಆಪಾ ಎದ್ದು ನಿಂತ ಚಿತ್ರ

ಕ್ಯಾಮೆರಾದ ಸ್ಟ್ಯಾಂಡನ್ನು ಈ ಬೆಳಿಗ್ಗೆ ಬಿಚ್ಚಿದಾಗ ಒಂದು ಕಾಲಿನ ತುದಿಯಲ್ಲಿ ಒಣಗಿದ ಮಣ್ಣು ಕಂಡಿತು. ಒರೆಸಲು ಬಟ್ಟೆ ತೆಗೆದುಕೊಂಡವನು ಹಾಗೇ ಕೂತೆ. ಅದು ನಮ್ಮೂರು ನರೋಣಾದ ಹಸೀನಾ ಆಪಾ ಅವರ ಮನೆಯ ಮಣ್ಣು. ಆ ಮನೆ ಈಗಿಲ್ಲ.

ನನಗಿರುವ ಎಚ್‌ಡಿಆರ್ ಎಂಬ ಹುಚ್ಚಿನ ಬಗ್ಗೆ ನಿಮಗೆ ಒಂದಿಷ್ಟು ಹೇಳಬೇಕು. ಬಿಸಿಲು, ಕತ್ತಲೆ ಎರಡೂ ಇರುವಲ್ಲಿ ಕ್ಯಾಮೆರಾ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತದೆ. ಅದಕ್ಕೇ ಒಂದೇ ನೋಟವನ್ನು ಮೂರು ಸಲ, ಕಪ್ಪಗೊಮ್ಮೆ, ಹದವಾಗೊಮ್ಮೆ, ಬೆಳ್ಳಗೊಮ್ಮೆ ತೆಗೆದು ಕಂಪ್ಯೂಟರಿನಲ್ಲಿ ಬೆರೆಸಬೇಕು. ನನ್ನಂಥ ಹವ್ಯಾಸಿಗಳು ಕೆಡಿಸುವುದೂ ಅಲ್ಲೇ. ಘತ್ತರಗಿಯಲ್ಲಿ ಹಾಗೆ ತೆಗೆದ ಭೀಮಾ ನದಿಯನ್ನು ಹೆಮ್ಮೆಯಿಂದ ತೋರಿಸಿದರೆ ನನ್ನ ಹೆಂಡತಿ, “ಇದೇನ್ರಿ, ಹೊಳ್ಯಾಗ ಯಾರರೆ ಬಣ್ಣದ ಡಬ್ಬಿ ಚೆಲ್ಯಾರೇನು?” ಅಂದಿದ್ದಳು.

ನಮ್ಮ ಓಣಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಹೊಸ್ತಿಲಿಗೆ ನೆರಳು ಬಿದ್ದರೆ ಸಾಕು, ಕೈಯಲ್ಲಿ ಏನೇ ಇರಲಿ, ಎದ್ದು ನಿಂತು “ಬರ್ರಿ, ಒಳಗ ಬರ್ರಿ” ಅನ್ನುವರು. ಅವರು ಕೂತಲ್ಲಿಂದ ಯಾರನ್ನೂ ಕರೆದದ್ದು ನಾನು ಕಂಡಿಲ್ಲ. ಮೊಣಕಾಲು ನೋವು ಹಿಡಿದುಕೊಂಡ ಮೇಲೂ ಗೋಡೆಗೆ ಕೈಯೂರಿ ಏಳುತ್ತಿದ್ದರು. ಹೋದ ಮಳೆಗಾಲದಲ್ಲಿ ಗೋಡೆ ಬಿರುಕುಬಿಟ್ಟಿತು. ಮಗನ ಹೊಸ ಮನೆಗೆ ಹೋಗುವ ಮುನ್ನ ನನ್ನನ್ನು ಕರೆಸಿದರು.

“ತಮ್ಮಾ, ಸೊಲ್ಲಾಪುರದಾಗ ನನ್ನ ತಂಗಿ ನೂರಿ ಹಾಸಿಗಿ ಹಿಡದಾಳ. ಹುಟ್ಟಿದ ಮನಿ ಒಮ್ಮೆ ನೋಡ್ಬೇಕಂತಾಳ. ಒಳಗ ಗ್ವಾಡ್ಯಾಗಿನ ಗೂಡೂ ಕಾಣ್ಬೇಕು, ಹೊರಗಿನ ಬೇವಿನ ಗಿಡಾನೂ ಕಾಣ್ಬೇಕು. ನಿನ್ನ ಡಬ್ಬಿಗೆ ಆಗ್ತಾದೇನು?”

“ಆಗ್ತಾದ ಆಪಾ. ನೀವು ಮಾತ್ರ ಅಲುಗಾಡಬ್ಯಾಡ್ರಿ.”

“ಕಲ್ಲಿನಂಗ ಕೂಡ್ತೇನಿ ನೋಡು.”

ಗೂಡಿನ ಕೆಳಗೆ ಕೌದಿ ಹಾಸಿ ಕೂತರು. ಕ್ಯಾಮೆರಾ ತಾನೇ ಕೆಲವು ಸೆಕೆಂಡು ಬಿಟ್ಟು ಬಿಟ್ಟು ಮೂರೂ ತೆಗೆಯುವಂತೆ ಹೊಂದಿಸಿದ್ದೆ. ಮೊದಲನೆಯದಾಯಿತು. ಅಷ್ಟರಲ್ಲಿ ನೆರೆಮನೆಯ ಶರಣಮ್ಮ, ಒಯ್ದಿದ್ದ ಜರಡಿ ಕೊಡಲು ಬಾಗಿಲಿಗೆ ಬಂದಳು. ಆಪಾ ನನ್ನತ್ತ ನೋಡಿದರು, ತುಟಿ ಬಿಗಿಹಿಡಿದರು, ಗೋಡೆಗೆ ಕೈಯೂರಿ ಎದ್ದೇಬಿಟ್ಟರು. ಕ್ಯಾಮೆರಾ ತನ್ನ ಪಾಡಿಗೆ ಉಳಿದೆರಡನ್ನೂ ತೆಗೆದುಕೊಂಡಿತು.

“ಕೆಟ್ಟುಹೋಯ್ತಲ್ಲ ಆಪಾ!”

“ಹೋಗ್ಲಿ ಬಿಡು. ಬಾಗಿಲಿಗೆ ಬಂದಾಕಿನ್ನ ಕುಂತು ಮಾತಾಡಿಸ್ಲೇನು?”

ಶರಣಮ್ಮ ಹೋಗುವಷ್ಟರಲ್ಲಿ ಬೆಳಕು ಇಳಿದಿತ್ತು. ನಾಳೆ ತೆಗೆಯೋಣವೆಂದು ಮಾತಾಯಿತು. ಆಪಾ ಮಲಗಲು ಮಗನ ಮನೆಗೆ ಹೋದರು.

ಬೆಳಗಾಗುವಷ್ಟರಲ್ಲಿ ಮಳೆಗೆ ಮನೆ ಕುಸಿದಿತ್ತು. ಅವರು ಕೂತಿದ್ದ ಜಾಗದ ಮೇಲೆ ತೊಲೆ ಬಿದ್ದಿತ್ತು. ಬಾಗಿಲ ಚೌಕಟ್ಟು ಮಾತ್ರ ನಿಂತಿತ್ತು.

ಉಳಿದದ್ದು ಆ ಕೆಟ್ಟ ಚಿತ್ರಗಳೇ. ಬೆರೆಸಿದೆ, ಈ ಸಲ ಬಣ್ಣ ಚೆಲ್ಲದೆ. ಗೂಡು ಬಂತು, ಬೇವಿನ ಎಲೆ ಎಲೆಯೂ ಬಂತು. ಆದರೆ ಆಪಾ ಕೂತೂ ಇದ್ದರು, ನಿಂತೂ ಇದ್ದರು. ಎರಡೂ ಮೈಗಳ ಮೂಲಕ ಗೋಡೆ ಕಾಣುತ್ತಿತ್ತು. ಬಾಗಿಲಲ್ಲಿ ಜರಡಿ ಹಿಡಿದ, ಹೊಗೆಯಂಥ ಶರಣಮ್ಮ. ಇಂಥ ನೆರಳುಗಳನ್ನು ಅಳಿಸುವ ಗುಂಡಿಯೊಂದಿದೆ. ಒತ್ತಿದೆ. ಶರಣಮ್ಮ ಮಾಯವಾದಳು, ಆಪಾ ನೆಟ್ಟಗೆ ಕೂತರು. ಯಾರೋ ಬೇರೆ ಹೆಂಗಸನ್ನು ನೋಡಿದಂತಾಯಿತು. ಮೊದಲಿನಂತೆಯೇ ಮಾಡಿ, ಮುದ್ರಿಸಿಕೊಂಡು ಸೊಲ್ಲಾಪುರಕ್ಕೆ ಹೋದೆ.

ನೂರಿ ಮಲಗಿದ್ದಲ್ಲೇ ನೋಡಿದರು. ಗೂಡನ್ನು ಬೆರಳಿನಿಂದ ಸವರಿದರು. “ಆಪಾ ಎದ್ದುಬಿಟ್ರು, ಸರಿ ಬಂದಿಲ್ರಿ” ಎಂದೆ. ಅವರ ಬೆರಳು ಚಿತ್ರದ ಬಾಗಿಲ ಮೇಲೆ ನಿಂತಿತ್ತು.

“ಶರಣಿ ಅಲ್ಲೇನು ಇಕಿ? ಜರಡಿ ಕೊಡಾಕ ಬಂದಾಳ!” ಎಂದವರು ಸೊಸೆಯತ್ತ ತಿರುಗಿದರು. “ನನ್ನ ಎಬ್ಬಿಸಿ ಕೂಡಿಸ್ಬೇ. ಬಾಗಿಲಿಗೆ ಮಂದಿ ಬಂದಾರ.”

ಇವತ್ತು ಹೊಸ ಮನೆಯ ಚಿತ್ರ ತೆಗೆಯಲು ಆಪಾ ಕರೆದಿದ್ದಾರೆ. ಸ್ಟ್ಯಾಂಡನ್ನು ಮಣ್ಣಿನ ಸಮೇತ ಮಡಚಿಕೊಂಡೆ. ಅಲುಗಾಡಬೇಡಿ ಎಂದು ಈ ಸಲ ಹೇಳುವುದಿಲ್ಲ.