ನಮ್ಮ ಅಂಗಡಿಯ ಯಜಮಾನರು

ಮಾವಳ್ಳಿಯ ಬಾಡಿಗೆ ಮನೆಯ ಹಾಲ್‌ನಲ್ಲಿ ಒಂದೇ ಮಷೀನ್ ಇಟ್ಟುಕೊಂಡು ನಾನು ರವಿಕೆ ಹೊಲಿಯುತ್ತಿದ್ದೆ. ಮನೆಯಲ್ಲಿ ಜಾಗ ಸಾಲದಾದಾಗ ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿ ಅಂಗಡಿ ಹಿಡಿಯೋಣ ಎಂದವರು ನನ್ನ ಗಂಡನೇ. "ಧೈರ್ಯವಾಗಿ ಮಾಡೇ, ನಾನಿಲ್ವಾ?" ಎಂದರು. ರಜಾ ಹಾಕಿ, ಸ್ಟೂಲು ಹತ್ತಿ, ಬೋರ್ಡನ್ನು ತಾವೇ ಕಟ್ಟಿದರು. ಕೆಳಗೆ ನಿಂತು ಸೊಟ್ಟಗಿದೆಯೋ ನೆಟ್ಟಗಿದೆಯೋ ಹೇಳಬೇಕಿದ್ದ ನಾನು ಸುಮ್ಮನೆ ಅಳುತ್ತಿದ್ದೆ.

ಕಪ್ಪು, ಕಡ್ಡಿ ಎಂದು ಕೇಳಿಸಿಕೊಂಡೇ ಬೆಳೆದವಳು ನಾನು. ಮದುವೆಯ ಫೋಟೋದಲ್ಲೂ ನೆಲ ನೋಡುತ್ತಿದ್ದೇನೆ. ಅಂಗಡಿಗೆ ಬಂದ ಮೇಲೆ ನನ್ನ ದನಿ ನನಗೇ ಹಿಡಿಸತೊಡಗಿತು. "ಈ ಕತ್ತಿನ ಡಿಸೈನ್ ನಿಮಗೆ ಒಪ್ಪಲ್ಲ, ಬೇರೆ ಇಡ್ತೀನಿ" ಎಂದು ಅಪರಿಚಿತರಿಗೆ ಹೇಳಬಲ್ಲವಳಾದೆ. ಅವರು ಒಪ್ಪುತ್ತಿದ್ದರು. ಸಂಜೆ ಮನೆಗೆ ಹೋಗಿ ಎಲ್ಲವನ್ನೂ ನನ್ನ ಗಂಡನಿಗೆ ಒಪ್ಪಿಸುತ್ತಿದ್ದೆ. ಅವರು ಕಾಲಿನ ಮೇಲೆ ಕಾಲು ಹಾಕಿಕೊಂಡು, ಕಾಫಿ ಆರಲು ಬಿಟ್ಟು ಕೇಳುತ್ತಿದ್ದರು.

ಆಮೇಲೆ ಅವರ ಕಂಪನಿ ಮುಚ್ಚಿತು. ಬೇರೆ ಕೆಲಸ ಸಿಗುವವರೆಗೆ ಎಂದುಕೊಂಡು ಅಂಗಡಿಗೆ ಬಂದರು. ಚಿಕ್ಕಪೇಟೆಯಿಂದ ಲೈನಿಂಗ್ ಬಟ್ಟೆ ತರುವುದು, ಫೋನ್ ಎತ್ತುವುದು. ಕೆಲಸ ಸಿಗಲಿಲ್ಲ. ಇಬ್ಬರೂ ಅಲ್ಲೇ ಇರುತ್ತಿದ್ದುದರಿಂದ ಸಂಜೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ಮುಂಚಿನ ಗದ್ದಲದಲ್ಲಿ ಒಬ್ಬ ಹೆಂಗಸು ಅವರತ್ತ ಕವರು ಚಾಚಿ, "ಏನಪ್ಪಾ, ಇದನ್ನ ನಿಮ್ ಮೇಡಂಗೆ ಕೊಡು" ಎಂದರು. ನಾನು ತಟ್ಟನೆ, "ಅವರು ನಮ್ ಯಜಮಾನ್ರು" ಎಂದೆ.

"ಅಯ್ಯೋ, ಓನರ್ರಾ! ನೀವೇ ಓನರ್ ಅಂದ್ಕೊಂಡಿದ್ದೆ."

"ಇಲ್ಲಮ್ಮಾ, ಓನರ್ ಅವ್ರೇ," ಎಂದು ನನ್ನ ಗಂಡ ಕವರು ತೆಗೆದುಕೊಂಡರು. "ನಾನು ಇಲ್ಲಿ ಕೆಲಸಕ್ಕಿದೀನಿ."

ಎಲ್ಲರೂ ನಕ್ಕರು. ನಾನೂ ತಮಾಷೆ ಎಂದುಕೊಂಡೆ. ಆದರೆ ಅಂದಿನಿಂದ ಅವರು ಅಂಗಡಿಯ ಕೆಲಸದವರ ಎದುರು ನನ್ನನ್ನು 'ಮೇಡಂ' ಎನ್ನತೊಡಗಿದರು. ಕ್ರಮೇಣ ಮನೆಯಲ್ಲೂ. "ಬನ್ನಿ, ಊಟ ಆರೋಗುತ್ತೆ." ಅಷ್ಟು ವರ್ಷ 'ಲೇ' ಎನ್ನುತ್ತಿದ್ದ ಬಾಯಿ ಅದು.

"ಯಾಕ್ರೀ ಹಿಂಗೆ ಮಾಡ್ತೀರಾ? ನನ್ನ ಮೊದಲಿನ ಹಾಗೆ ಕರೀರಿ," ಎಂದು ಬೇಡಿಕೊಂಡೆ.

"ಬರ್ತಿಲ್ಲ," ಎಂದರು. ಅದರಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ಪ್ರಯತ್ನಿಸಿ ಸೋತವರಂತೆ ಹೇಳಿದರು.

"ಅಂಗಡಿ ಮುಚ್ಚಿಬಿಡ್ಲಾ?"

"ಬೇಡ. ಆಮೇಲೆ ನಿಮ್ಮ ಮುಖ ನೋಡೋಕೆ ನನಗಾಗಲ್ಲ."

ಅವರು ಬೇಡವೆಂದಾಗ ನನ್ನ ಎದೆ ಹಗುರಾಯಿತು. ಅದು ಅವರಿಗೂ ಕಂಡಿತು. ಅಷ್ಟರಲ್ಲೇ ಎಲ್ಲ ತೀರ್ಮಾನವಾಗಿಹೋಯಿತು ಎಂದು ಈಗ ಅನ್ನಿಸುತ್ತದೆ.

ತ್ಯಾಗರಾಜನಗರದಲ್ಲಿ ಅವರ ಅಕ್ಕ ಇದ್ದಾರೆ. ಭಾವನಿಗೆ ಹುಷಾರಿಲ್ಲ, ನೋಡಿಕೊಳ್ಳಬೇಕು ಎಂದು ಒಂದು ಬ್ಯಾಗು ಹಿಡಿದು ಹೊರಟರು. ಭಾವ ಎದ್ದು ಓಡಾಡುವಂತಾದರೂ ಇವರು ಬರಲಿಲ್ಲ. ಅಲ್ಲೇ ಹತ್ತಿರದ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಕೆಲಸಕ್ಕೆ ಸೇರಿದರಂತೆ. ಜಗಳವಿಲ್ಲ, ವಕೀಲರಿಲ್ಲ. ಜನರಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ.

ಅವರು ಹೋದ ಮೇಲೆ ನನಗಾಗಿ ಒಂದು ರೇಷ್ಮೆ ರವಿಕೆ ಹೊಲಿದುಕೊಂಡೆ. ನನ್ನನ್ನು ನಾನು ಪ್ರೀತಿಸುವುದನ್ನು ಕಲಿತಿದ್ದೇನಲ್ಲ, ಅದಾದರೂ ಉಳಿದಿದೆಯಲ್ಲ ಎಂದು. ಚೆನ್ನಾಗಿಯೇ ಕೂತಿತು. ಏನೂ ಅನ್ನಿಸಲಿಲ್ಲ. ನಾನು ಮೆಚ್ಚಿಕೊಂಡಿದ್ದು ಸಂಜೆ ಮನೆಗೆ ಓಡಿ ಅವರಿಗೆ ಕಥೆ ಹೇಳುತ್ತಿದ್ದವಳನ್ನು. ಗಲ್ಲಾದಲ್ಲಿ ಕೂತಿರುವ ಈಕೆ ಜಾಣೆ, ಗಟ್ಟಿಗಿತ್ತಿ. ಇವಳ ಜೊತೆ ಒಂದು ಭಾನುವಾರ ಕಳೆಯುವುದು ನನಗೆ ಕಷ್ಟ.

ಹೋದ ತಿಂಗಳು ಉಳಿದ ಶರ್ಟುಗಳನ್ನು ಒಯ್ಯಲು ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿದರು. ಸಕ್ಕರೆ ಸಾಲಲಿಲ್ಲವೇನೋ, ಅವರು ಕೇಳಲಿಲ್ಲ. ಹೊರಡುವಾಗ ಮನೆಯ ಬೀಗದ ಕೈಯನ್ನು ಫ್ರಿಜ್ಜಿನ ಮೇಲಿಟ್ಟು, "ಬರ್ತೀನಿ" ಎಂದರು. ಇರಲಿ, ಇಟ್ಟುಕೊಳ್ಳಿ ಎನ್ನಬೇಕೆಂದು ಬಾಗಿಲವರೆಗೂ ಹೋದೆ. ಅಷ್ಟರಲ್ಲಿ ಮದುವೆಯ ಆರ್ಡರ್ ಕೊಟ್ಟಿದ್ದವರ ಫೋನ್ ಬಂತು. ಎತ್ತಿಕೊಂಡೆ.