ಪಂಡಿತರ ಬದನೆಕಾಯಿ ಪಥ್ಯ

ಮುಟ್ಟು ನಿಲ್ಲೋ ವಯಸ್ಸಿನಲ್ಲಿ ಮೈಯೆಲ್ಲ ಬಿಸಿಯೇರಿ ಬೆವರೋದಕ್ಕೆ ಗಾಂಧಿ ಬಜಾರಿನ ಪಂಡಿತರೊಬ್ಬರು ಪುಡಿ ಕೊಡ್ತಾರೆ ಅಂತ ಅಕ್ಕ ಹಟ ಹಿಡಿದಳು. ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು ರಜೆ ಹಾಕಿ ಜೊತೆಗೆ ಹೋದೆ.

"ಬದನೆಕಾಯಿ ಮಾತ್ರ ಮುಟ್ಟಬೇಡಿ ಅಮ್ಮ, ನಂಜು," ಅಂದರು ಪಂಡಿತರು, ಪೊಟ್ಟಣ ಕಟ್ಟುತ್ತಾ.

"ಇವಳು ರಕ್ತ ತೆಳು ಮಾಡೋ ಮಾತ್ರೆ ತಗೋತಾಳೆ. ಅದರ ಜೊತೆ ಇದು ಆಗುತ್ತಾ?" ಅಂತ ಕೇಳಿದೆ.

"ಬರೀ ಬೇರು, ಸೊಪ್ಪು ಮೇಡಂ. ಏನೂ ಆಗಲ್ಲ."

"ಯಾವ ಬೇರು?"

"ಹೆಸರು ಹೇಳಿದ್ರೆ ಔಷಧಿ ಹಿಡಿಯಲ್ಲ."

ಬದನೆಕಾಯಿಯ ಅಪಾಯ ಬಲ್ಲ ಮಹಾನುಭಾವರಿಗೆ ತಮ್ಮ ಪುಡಿಯ ಅಪಾಯ ಗೊತ್ತಿರಲಿಲ್ಲ. ಪೊಟ್ಟಣ ಅಲ್ಲೇ ಬಿಟ್ಟು ಅಕ್ಕನನ್ನು ಎಳ್ಕೊಂಡು ಬಂದೆ.

"ನೀನು ಸುಮ್ನೆ ರೇಗಿದೆ ಮಾರಾಯ್ತಿ. ನಿಮ್ಮ ಡಾಕ್ಟರು ಯಾವತ್ತಾದ್ರೂ ಪಥ್ಯ ಹೇಳಿದಾರಾ?" ಅಂದಳು.

ಪುಡಿಯೇನೋ ತಪ್ಪಿತು. ಬದನೆಕಾಯಿಯನ್ನು ಮಾತ್ರ ಅಕ್ಕ ಇವತ್ತಿಗೂ ಮುಟ್ಟಿಲ್ಲ.