ಬೆನ್ನ ಮೇಲಿನ ಕುಣಿತದವರು

ಇಪ್ಪತ್ತು ವರ್ಷ ತಮೂನಿಸ್ ನೇಯ್ದದ್ದೆಲ್ಲ ಬೋಳು ನಾರುಬಟ್ಟೆ. ಚಿತ್ರ ನೇಯುವ ಮಗ್ಗ ಮುದುಕಿ ನೋನ್ನಕ್ಕನದು. ನೋನ್ನಕ್ಕನ ಕಣ್ಣು ಮಂಜಾದ ಮೇಲೆ, ಈಜಿಪ್ಟಿನ ಪಾನೊಪೊಲಿಸ್ ಊರಿನ ಆ ನೇಯ್ಗೆಮನೆಯ ಯಜಮಾನ ಬೇಸಾಸ್ ಒಂದು ಅಂಗಿಯನ್ನು ತಮೂನಿಸ್‌ಗೆ ಒಪ್ಪಿಸಿದ. ದೋಣಿಯವನೊಬ್ಬ ಈಸ್ಟರಿಗೆ ತೊಡುವ ಅಂಗಿ. ಎದೆಗೂ ಬೆನ್ನಿಗೂ ಎರಡೆರಡು ಉಣ್ಣೆಯ ಪಟ್ಟಿ, ಪಟ್ಟಿ ತುಂಬ ಕುಣಿಯುವವರ ಚಿತ್ರ. ಚೆನ್ನಾಗಿ ಬಂದರೆ ಚಿತ್ರದ ಮಗ್ಗದ ಮುಂದಿನ ನೋನ್ನಕ್ಕನ ಮಣೆ ಇನ್ನು ತಮೂನಿಸಳದು.

ಅಂಗಿಯನ್ನು ಅಡ್ಡ ಮಲಗಿಸಿ, ಒಂದು ತೋಳಿನಿಂದ ಇನ್ನೊಂದು ತೋಳಿಗೆ ನೇಯುವುದು ಅಲ್ಲಿಯ ರೂಢಿ. ಕತ್ತಿನ ಸೀಳು ನಡುವೆ. ಕುಣಿಯುವವರಲ್ಲಿ ಅದರ ಆಚೆಯ ಎದೆಯವರೂ ಈಚೆಯ ಬೆನ್ನಿನವರೂ ಸೀಳಿನ ಕಡೆಗೇ ತಲೆ ಹಾಕಿ ಮಲಗಬೇಕು. ತಮೂನಿಸ್ ಎಲ್ಲರನ್ನೂ ಒಂದೇ ದಿಕ್ಕಿಗೆ ಮಲಗಿಸಿಬಿಟ್ಟಿದ್ದಳು. ಮಗ್ಗದಿಂದ ಇಳಿಸಿ ಹೆಗಲ ಮೇಲೆ ಮಡಿಸಿದಾಗ, ಎದೆಯವರು ನೆಟ್ಟಗೆ ನಿಂತರು, ಬೆನ್ನಿನವರು ತಲೆಕೆಳಗಾದರು.

“ಏನಮ್ಮಾ, ಇವರೆಲ್ಲ ನೈಲ್ ನದಿಗೆ ಹಾರ್ತಿದಾರಾ?” ಎಂದ ಬೇಸಾಸ್. “ಕತ್ತರಿಸಿ ತೆಗೀ. ಹಳೇ ಅಂಗಿ ಪಟ್ಟಿ ಹೊಲಿಸ್ತೀನಿ. ನೀನು ನಿನ್ನ ಬೋಳು ಬಟ್ಟೆಗೇ ಹೋಗು.”

“ಕತ್ತರಿ ಬೇಡಿ ಯಜಮಾನ್ರೇ. ಬೆನ್ನಿನ ಉಣ್ಣೆ ಮಾತ್ರ ಬಿಚ್ತೀನಿ, ಅಡಿಯ ಹಾಸಿನ ಎಳೆ ಹಾಗೇ ಇರುತ್ತೆ. ಅದರ ಮೇಲೆ ಸೂಜೀಲಿ ಅವರನ್ನ ನೆಟ್ಟಗೆ ತುಂಬ್ತೀನಿ. ಹಬ್ಬಕ್ಕಿನ್ನೂ ಎಂಟು ದಿನ ಇದೆ.”

ಮೂಲೆಯಲ್ಲಿ ನೂಲುತ್ತಿದ್ದ ನೋನ್ನಕ್ಕ ನಕ್ಕಳು. “ಬಿಡೋ ಬೇಸಾಸ್. ನನ್ನ ಮೊದಲನೇ ಸಿಂಹಕ್ಕೆ ನಾನು ಬಾಲ ಹಾಕೋದೇ ಮರ್ತಿದ್ದೆ. ನಿಮ್ಮಪ್ಪ ‘ಕುರಿ ಚೆನ್ನಾಗಿದೆ’ ಅಂತ ಮಾರ್ಬಿಟ್ಟ.”

ಬೇಸಾಸ್ ಗೊಣಗುತ್ತ ಒಪ್ಪಿದ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು; ಬರೀ ರೊಟ್ಟಿ, ಉಪ್ಪು, ಈರುಳ್ಳಿ ತಿಂದುಕೊಂಡು ತಮೂನಿಸ್ ಬಾಗಿಲ ಬೆಳಕಿನಲ್ಲಿ ಕೂತಳು. ಮೂರು ದಿನ ಬಿಚ್ಚುವುದರಲ್ಲೇ ಹೋಯಿತು. ನಾಲ್ಕನೆಯ ದಿನ ಸೂಜಿ ಹಿಡಿದಾಗ ಒಂದು ಸಂಗತಿ ಹೊಳೆಯಿತು: ಲಾಳಿ ಹೋಗದ ಕಡೆಗೂ ಸೂಜಿ ಹೋಗುತ್ತದೆ, ಬೇಕಾದಲ್ಲಿ ಬಾಗುತ್ತದೆ. ಅವಳು ಕುಣಿಯುವವರ ಮೊಣಕಾಲು ಮಡಚಿಸಿದಳು, ಸೆರಗು ಹಾರಿಸಿದಳು.

ನೋನ್ನಕ್ಕ ಬೆರಳಾಡಿಸಿ ನೋಡಿದಳು. “ಇವಳು ಕಾಲೆತ್ತಿದಾಳಲ್ಲೇ! ನಾನು ನೇಯ್ದವರೆಲ್ಲ ಕಂಬ ನೆಟ್ಟ ಹಾಗಿದ್ರು ಕಣೆ.”

ಹಬ್ಬಕ್ಕೆ ಒಂದು ದಿನವಿರುವಾಗ ಬೇಸಾಸ್ ಅಂಗಿಯನ್ನು ಕೋಲಿಗೆ ತೂಗುಹಾಕಿದ. ಮುಂದೆ ನೋಡಿದ, ಹಿಂದೆ ಹೋಗಿ ಬಹಳ ಹೊತ್ತು ನಿಂತ.

“ಬೆನ್ನೇ ಚೆಂದ ಅಂತ ದೋಣಿಯವನು ಇದನ್ನ ಹಿಂದುಮುಂದಾಗಿ ಹಾಕ್ಕೊಂಡ್ರೆ ನಾನೇನ್ ಹೇಳ್ಲಿ?”

“ಎದೆಯವರನ್ನೂ ಬಿಚ್ಲಾ ಯಜಮಾನ್ರೇ?”

“ಸಾಕು ಮಾರಾಯ್ತೀ! ಹಬ್ಬ ಮುಗಿಸ್ಕೊಂಡು ಬಾ. ಆ ಮಣೆ ಮೇಲೆ ಕೂತು ಮುಂದಿನ ಅಂಗಿ ಶುರು ಮಾಡು.”

“ಮಣೆ ಸ್ವಲ್ಪ ತಗ್ಗು,” ಎಂದಳು ನೋನ್ನಕ್ಕ. “ನಿನ್ನ ಕಾಲು ಉದ್ದ. ಮಣೆ ಕೆಳಗೊಂದು ಹಲಗೆ ಹಾಕ್ಕೋ.”

ತಮೂನಿಸ್ ಆಗಲೇ ಹಲಗೆ ಹುಡುಕುತ್ತಿದ್ದಳು.